ಅಂಗೈಯ ಬಣ್ಣ

ಬಣ್ಣದಕ್ಕನ ಕಾರ್ಖಾನೆ ಅಂದರೆ ಏನು ಮಹಾ, ಆಸ್ಪತ್ರೆಯ ಹಿಂದಿನ ಎರಡು ಕೋಣೆ. ಕೈ ಕಳೆದುಕೊಂಡವರಿಗೆ ಒಂದರಲ್ಲಿ ರಬ್ಬರಿನ ಕೈ ಅಚ್ಚು ಹಾಕುತ್ತಾರೆ, ಇನ್ನೊಂದರಲ್ಲಿ ಕಿಟಕಿ ಪಕ್ಕ ಕೂತು ಈಕೆ ಅದಕ್ಕೆ ಮೈಬಣ್ಣ ಬಳಿಯುತ್ತಾಳೆ. ನರದ ನೀಲಿ, ಗೆಣ್ಣಿನ ಸುಕ್ಕು, ಉಗುರಿನ ಹೊಳಪು, ಒಂದೂ ತಪ್ಪುವಂತಿಲ್ಲ. ಊಟಕ್ಕೆ ಕೂತರೂ ಬಡಿಸುವವರ ಕೈಯನ್ನೇ ನೋಡುತ್ತಾಳೆ. ಇವಳು ನನ್ನ ಮುಖ ನೋಡಿ ಎಷ್ಟು ವರ್ಷವಾಯ್ತೋ ಎಂದು ಗಂಡ ಅತ್ತೆಯೆದುರೇ ರೇಗಿಸುತ್ತಿದ್ದ.

ಆ ಊರಲ್ಲಿ ಬಿಳಿಬಣ್ಣದವರು, ಗೋಧಿಬಣ್ಣದವರು, ಕಡುಕಪ್ಪಿನವರು ಎಲ್ಲ ಇದ್ದರು. ಆದರೂ ಮೊದಲೆಲ್ಲ ಸಿಕ್ಕವರಿಗೆಲ್ಲ ಒಂದೇ ಬಿಳಿಚು ಕೈ ಕಟ್ಟಿ ಕಳಿಸುತ್ತಿದ್ದರು, ಕರ್ಮ! ಮೇಲಿನವರ ಜೊತೆ ಜಗಳ ಕಾದು ಕಪ್ಪು, ಕಂದು ಡಬ್ಬಿ ತರಿಸಿದವಳು ಈ ಗೋಧಿಬಣ್ಣದಕ್ಕನೇ. ಆ ಹೆಮ್ಮೆ ಅವಳಿಗಿತ್ತು, ಇರಬಾರದೇ ಮತ್ತೆ?

ಹೀಗಿರುವಾಗ ಕಡುಕಪ್ಪಿನವರ ಪೈಕಿ ಒಬ್ಬ ಬಸ್ ಕಂಡಕ್ಟರ್ ಹುಡುಗಿ ಬಂದಳು. ಅಪಘಾತದಲ್ಲಿ ಎಡಗೈ ಹೋಗಿತ್ತು. ಮತ್ತೆ ಬಸ್ ಹತ್ತಬೇಕು, ಜನರ ನಡುವೆ ಓಡಾಡಬೇಕು ಅನ್ನುವುದೊಂದೇ ಆಸೆ. ಬಣ್ಣದಕ್ಕ ಜೀವ ತೇದು ಕೈ ಮಾಡಿಕೊಟ್ಟಳು. ಹುಡುಗಿ ಥ್ಯಾಂಕ್ಸ್ ಹೇಳಿ ಹೋದಳು.

ಕೆಲವೇ ದಿನಕ್ಕೆ ವಾಪಸು ಬಂದು, ಈ ಕೈಗೊಂದು ಗ್ಲೌಸ್ ಸಿಗುತ್ತದೆಯೇ ಎಂದು ಕೇಳಿದಳು. ಬಣ್ಣದಕ್ಕನಿಗೆ ನಖಶಿಖಾಂತ ಉರಿಯಿತು. ಮುಚ್ಚಿಡುವುದಕ್ಕಾ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದದ್ದು ಎಂದು ರೇಗಿದಳು. ಹುಡುಗಿ ತಲೆ ತಗ್ಗಿಸಿದಳು. ಚಿಲ್ಲರೆಗೆಂದು ಕೈ ಚಾಚಿದರೆ ಜನ ಬೆಚ್ಚಿ ನೋಡುತ್ತಾರಂತೆ. ಗ್ಲೌಸ್ ಸಿಗದಿದ್ದರೆ ಬಸ್ಸಿನ ಕೆಲಸ ಬಿಟ್ಟು ಡಿಪೋದ ಮೂಲೆಯಲ್ಲಿ ಕೂರುವುದೇ ಗತಿ ಎಂದಳು. ಆಮೇಲೆ ಸುಮ್ಮನೆ ಎರಡೂ ಕೈಗಳನ್ನು ಅಂಗಾತ ಮಾಡಿ ಮೇಜಿನ ಮೇಲಿಟ್ಟಳು.

ಹುಡುಗಿಯ ಸ್ವಂತ ಅಂಗೈ ತಿಳಿಗೆಂಪಾಗಿತ್ತು. ರಬ್ಬರಿನದು ಹಿಂದೆಮುಂದೆ ಒಂದೇ ಕಡುಕಪ್ಪು.

ಬಣ್ಣದಕ್ಕ ಎರಡೂ ಅಂಗೈಗಳನ್ನು ಬಗ್ಗಿ ನೋಡಿದಳು. ಅಳತೆಗೆ ಬಂದವರೆಲ್ಲ ಮೇಜಿನ ಮೇಲೆ ಕೈ ಬೋರಲು ಹಾಕುತ್ತಿದ್ದರು, ಇವಳು ಕಂಡದ್ದಷ್ಟನ್ನೇ ಬರೆಯುತ್ತಿದ್ದಳು. ಇಷ್ಟು ವರ್ಷ ಕಡುಕಪ್ಪಿನವರ ಜೊತೆ ಒಂದೇ ಬೀದಿಯಲ್ಲಿ ಬಾಳಿದ್ದಳು, ಒಬ್ಬರ ಅಂಗೈಯನ್ನೂ ತಿರುಗಿಸಿ ನೋಡಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದಳು.

"ಅವತ್ತೇ ಯಾಕೆ ಹೇಳಲಿಲ್ಲ ನೀನು?"

"ನಮ್ಮ ಬಣ್ಣದ ಕೈ ಸಿಕ್ಕಿದ್ದೇ ಹೆಚ್ಚು ಅನ್ನಿಸ್ತು, ಅಕ್ಕಾ. ಇನ್ನೂ ಕೇಳಿದ್ರೆ ದುರಾಸೆ ಅಂತೀರೇನೋ ಅಂತ ಭಯ."

ಬಣ್ಣದಕ್ಕ ಅವಳ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಕುಂಚ ಎತ್ತಿದಳು. ಕಲಸುತ್ತಾ ಹೋದರೆ, ತನ್ನವರಿಗೆ ಬಳಸುವ ಡಬ್ಬಿಯೇ ಹತ್ತಿರಕ್ಕೆ ಬಂತು. ಅವಳ ಮುಖ ಅರಳಿತು. ನೋಡೇ, ಒಳಗೆ ನಾವೂ ನೀವೂ ಒಂದೇ ಎಂದು ಹಿಗ್ಗಿ ಹೇಳಿಯೇಬಿಟ್ಟಳು.

ಹುಡುಗಿ ನಕ್ಕಳು. "ಅವಸರ ಮಾಡಬೇಡಿ ಅಕ್ಕಾ. ಗೆರೆ ನೋಡಿ, ಕಪ್ಪಗಿದೆ. ಅದು ನಮ್ಮದೇ. ಅದನ್ನೂ ಬರೀರಿ."

ಬಣ್ಣದಕ್ಕ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಗೆರೆ ಕೇಳಿ ಕೇಳಿ ಬರೆದಳು. ಹಿಂದೆ ಕೈ ಒಯ್ದವರಿಗೆಲ್ಲ ಬನ್ನಿ ಎಂದು ಹೇಳಿಕಳಿಸಿದಳು. ಬಂದವರ ಅಂಗೈಯನ್ನು ಮೊದಲು ನೋಡುವುದು ಅಂದಿನಿಂದ ಅಲ್ಲಿ ರೂಢಿಯಾಯಿತು.

ಒಂದು ಬೆಳಿಗ್ಗೆ ಬಣ್ಣದಕ್ಕ ಕಾರ್ಖಾನೆಗೆ ಹೋಗಲು ಬಸ್ ಹತ್ತಿದಳು. ಕಿಕ್ಕಿರಿದ ಜನರ ನಡುವಿನಿಂದ ಒಂದು ಅಂಗೈ ಅವಳ ಮುಂದೆ ಚಾಚಿಕೊಂಡಿತು. ಅಭ್ಯಾಸಬಲದಿಂದ ಕೈ ನೋಡಿದಳು. ಹುಟ್ಟಿನಿಂದ ಬಂದದ್ದೋ ತಾನು ಬರೆದದ್ದೋ ಗೊತ್ತಾಗಲಿಲ್ಲ. ಆಗ ತಲೆಯೆತ್ತಿ ಮುಖ ನೋಡಿದಳು.

"ಟಿಕೆಟ್, ಅಕ್ಕಾ," ಎಂದಳು ಹುಡುಗಿ.