ಭತ್ತದ ಗದ್ದೆಯಲ್ಲಿ ಸಿಕ್ಕ ಅರಬ್ಬಿ

ಎಂಟು ದಿಂಬುಗಳಿರುವ ಮನೆಯಲ್ಲಿ ಒಂದೇ ಒಂದು ತಲೆಯನ್ನು ಎಲ್ಲಿಡಬೇಕೆಂಬುದು ಸಾಮಾನ್ಯವಾಗಿ ಯಾರನ್ನೂ ಕಾಡುವ ಸಮಸ್ಯೆಯಲ್ಲ. ನನ್ನನ್ನು ಮಾತ್ರ ಕಳೆದ ಜುಲೈಯಲ್ಲಿ, ಉತ್ತರ ಥಾಯ್ಲೆಂಡಿನ ಹಳ್ಳಿಯೊಂದರ ವಿಲ್ಲಾದಲ್ಲಿ, ಅದು ಸಾಕಷ್ಟು ಗಂಭೀರವಾಗಿಯೇ ಕಾಡಿತು. ನಾಲ್ಕು ಮಲಗುವ ಕೋಣೆಗಳು, ಪ್ರತಿ ಕೋಣೆಗೂ ಗದ್ದೆಯತ್ತ ತೆರೆದ ಒಂದು ಜಗಲಿ. ಯಾವುದಕ್ಕೂ ಅನ್ಯಾಯವಾಗಬಾರದೆಂಬ ಸಮದೃಷ್ಟಿಯಿಂದ ನಾನು ದಿನಕ್ಕೊಂದು ಕೋಣೆಯಂತೆ ಮಲಗಿದೆ. ವಾಸ್ತವವೆಂದರೆ, ಯಾವ ಕೋಣೆಯಲ್ಲೂ ನಿದ್ದೆ ಬರಲಿಲ್ಲ.

ಆ ವಿಲ್ಲಾ ನನ್ನೊಬ್ಬಳಿಗಾಗಿ ಗೊತ್ತುಮಾಡಿದ್ದಲ್ಲ. ಮಸ್ಕತ್ತಿನ ಅಲ್ ಹೈಲ್ ಬಡಾವಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಾಡಿಗೆಗಿರುವ ನಾನು, ಅಕ್ಕಪಕ್ಕದ ಕಟ್ಟಡಗಳ ಮೂವರು ಗೆಳತಿಯರೊಡನೆ ಒಂದಿಡೀ ವರ್ಷ ಯೋಜಿಸಿದ ಪ್ರವಾಸವದು. ಮರಳು, ಬಂಡೆ, ಬಿಳಿ ಗೋಡೆಗಳನ್ನೇ ನೋಡಿ ಬಾಡಿದ ಕಣ್ಣಿಗೆ ಹಸಿರು ಬೇಕೆಂದು ಹಟ ಹಿಡಿದವರು ಅವರೇ. ಉದ್ಯೋಗದಿಂದ ನಾನು ಡಾಕ್ಯುಮೆಂಟ್ ಕಂಟ್ರೋಲರ್; ಅಂದರೆ ಬೇರೆಯವರು ಬರೆದ ಕಾಗದಗಳಿಗೆ ಸಂಖ್ಯೆ ಕೊಟ್ಟು, ಅವು ಕಳೆದುಹೋಗದಂತೆ ಕಾಯುವವಳು. ಈವರೆಗೆ ಒಂದು ಕಾಗದವನ್ನೂ ಕಳೆದುಕೊಳ್ಳದ ನಾನು ಒಂದೇ ತಿಂಗಳಲ್ಲಿ ಮೂವರು ಸಹಯಾತ್ರಿಗಳನ್ನು ಕಳೆದುಕೊಂಡೆ. ಒಬ್ಬಳಿಗೆ ಉಡುಪಿಯಲ್ಲಿ ತಂಗಿಯ ಗೃಹಪ್ರವೇಶ ಬಂತು, ಇನ್ನೊಬ್ಬಳ ಮನೆಗೆ ವಿಸಿಟ್ ವೀಸಾದಲ್ಲಿ ಅತ್ತೆ ಬಂದರು. ಕುಂದಾಪುರದ ಪ್ರಮೀಳಾಳ ಗಂಡನಿಗೆ ಒಮಾನಿನ ಉತ್ತರ ತುದಿಯ ಖಸಬ್‌ಗೆ ವರ್ಗವಾಯಿತು. ನಾನೂ ರದ್ದು ಮಾಡುತ್ತೇನೆ ಎಂದಾಗ ಪ್ರಮೀಳಾ ಪೆಟ್ಟಿಗೆ ಕಟ್ಟುತ್ತಲೇ ಹೇಳಿದಳು:

“ನೀನು ಹೋಗಿ ಬಾ ಮಾರಾಯ್ತಿ. ನಿಂಗೆಂತ, ಯಾರನ್ನೂ ಕೇಳುವ ಕೆಲಸ ಇಲ್ವಲ್ಲ!”

ಅವಳದನ್ನು ಅಸೂಯೆಯಿಂದ ಹೇಳಿದ್ದಳೇ ಹೊರತು ಚುಚ್ಚಲೆಂದಲ್ಲ. ಆದರೂ ಮದುವೆಯಾಗದೆ ಐವತ್ತರ ಹೊಸ್ತಿಲಿಗೆ ಬಂದ ನನಗೆ ಆ ಮಾತು ವಿಮಾನವೇರುವವರೆಗೂ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಿರಿಕಿರಿ ಮಾಡಿತು. ಸ್ವಾತಂತ್ರ್ಯವೆಂದರೆ ಕೇಳಬೇಕಾದವರು ಇಲ್ಲದಿರುವುದೋ, ಕೇಳುವವರೇ ಇಲ್ಲದಿರುವುದೋ ಎಂಬ ಶಬ್ದಚಮತ್ಕಾರದಲ್ಲಿ ಆರು ಗಂಟೆ ಹಾರಾಡಿ, ನಾನು ಗದ್ದೆಗಳ ನಡುವೆ ಇಳಿದೆ.

ಗದ್ದೆಯ ಬಗ್ಗೆ ಹೇಳಲೇಬೇಕು. ಕಣ್ಣು ಹಾಯುವವರೆಗೂ ಆಗಷ್ಟೇ ನೆಟ್ಟ ನೇಜಿ, ಅದರ ಬುಡದಲ್ಲಿ ಆಕಾಶವನ್ನೇ ಮಗುಚಿ ಹಾಕಿದಂಥ ನೀರು. ಗದ್ದೆಯಂಚಿನ ಹುಣಿಯ ಮೇಲೆ ಬೆಳ್ಳಕ್ಕಿಗಳು ನಮ್ಮ ಕಚೇರಿಯ ಆಡಿಟರುಗಳಂತೆ ಅವಸರವಿಲ್ಲದೆ, ಕತ್ತು ನೀಡಿ ನಡೆಯುತ್ತಿದ್ದವು. ಮೂರು ದಿನ ಫೋಟೋ ತೆಗೆದೆ. ಗೆಳತಿಯರ ಗುಂಪಿಗೆ ಕಳಿಸಿದೆ. ಮೂರು ಹೃದಯಗಳು ಬಂದವು. ಅಷ್ಟಕ್ಕೆ ಸಂಭಾಷಣೆ ಮುಗಿಯಿತು.

ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿನ ಹೆಸರು ನೋಯ್. ನಮ್ಮ ಭಾಷೆಯಲ್ಲಿ ನೋವಿನ ಮೂಲ. ಅವಳ ಭಾಷೆಯಲ್ಲಿ ಅದರರ್ಥ ‘ಪುಟ್ಟಿ’ ಎಂದು ಆಮೇಲೆ ತಿಳಿಯಿತು. ನನಗಿಂತ ನಾಲ್ಕೈದು ವರ್ಷ ಹಿರಿಯಳಿರಬೇಕು. ಗಿಡ್ಡ ದೇಹ, ಬಿಸಿಲಿಗೆ ಸುಟ್ಟ ಕೆನ್ನೆ. ಇಂಗ್ಲಿಷು ಅವಳಿಗೆ ಬರದು, ಥಾಯ್ ನನಗೆ ಬರದು. ಇಬ್ಬರೂ ಮೊಬೈಲಿಗೆ ಶರಣಾದೆವು. ನನಗೋಸ್ಕರ ಅದು ಥಾಯ್ ಮಾತನ್ನು ಕನ್ನಡಕ್ಕೆ ತಿರುಗಿಸಿ, “ನಿಮ್ಮ ಇತರ ಮನುಷ್ಯರು ಯಾವಾಗ ಬೇಯುತ್ತಾರೆ?” ಎಂದು ಕೇಳಿತು. ಯಾರೂ ಬರುವುದಿಲ್ಲ ಎಂದು ಟೈಪಿಸಿದೆ. ಅದು ಥಾಯ್‌ನಲ್ಲಿ ಏನಾಯಿತೋ, ಅವಳು ಒಳಹೋಗಿ ಅನ್ನ ಬಡಿಸಿದಳು. ಎಂಟು ಕುರ್ಚಿಯ ಮೇಜಿನ ತುದಿಯಲ್ಲಿ ಕೂತು ಉಂಡೆ.

ನಾಲ್ಕನೆಯ ಬೆಳಿಗ್ಗೆ ಬಾತುಕೋಳಿಗಳು ಅಡುಗೆಮನೆಗೆ ನುಗ್ಗಿದವು. ನೋಯ್ ಕಸಬರಿಕೆ ಎತ್ತಿಕೊಂಡು ಓಡಿಬಂದು ಗದರಿದಳು:

“ಯಲ್ಲಾ! ಬರ್ರಾ, ಬರ್ರಾ!”

ನಾನು ಚಹಾ ಕೆಳಗಿಟ್ಟೆ. ನಡೆಯಿರಿ, ಆಚೆ ಹೋಗಿ ಎಂದು ಮಸ್ಕತ್ತಿನ ಪ್ರತಿ ಅಂಗಳದಲ್ಲೂ ಬೆಕ್ಕುಗಳನ್ನು ಓಡಿಸುವ ಅಪ್ಪಟ ಅರಬ್ಬಿಯಿದು! ಥಾಯ್ ಬಾತುಕೋಳಿಗಳು ಅದನ್ನರಿತು ಹೊರಗೂ ಹೋದವು. ನಾನು ನನ್ನ ಎದೆ ಮುಟ್ಟಿಕೊಂಡು, “ಅನಾ... ಉಮಾನ್” ಎಂದೆ. ನಾನು ಒಮಾನಿನವಳು. ಹಾಗೆ ಯಾರಿಗೂ, ಎಂದೂ ಹೇಳಿಕೊಂಡವಳಲ್ಲ.

ಅವಳ ಕಸಬರಿಕೆ ಕೆಳಗೆ ಬಿತ್ತು.

“ಉಮಾನ್ ವೇನ್?” ಒಮಾನಿನಲ್ಲಿ ಎಲ್ಲಿ?

“ಅಲ್ ಹೈಲ್.”

ನೋಯ್ ನನ್ನೆರಡೂ ಕೈ ಹಿಡಿದು ನೆಲದ ಮೇಲೇ ಕೂತುಬಿಟ್ಟಳು, ಜೊತೆಗೆ ನಾನೂ. ವ್ಯಾಕರಣದ ಹಂಗಿಲ್ಲದ, ಕ್ರಿಯಾಪದಗಳಿಗೆ ಕಾಲವೇ ಇಲ್ಲದ ಆ ಕೊಲ್ಲಿಯ ಅರಬ್ಬಿಯಲ್ಲಿ, ಭತ್ತದ ಗದ್ದೆಗಳ ನಡುವೆ, ನಾವಿಬ್ಬರೂ ಮಧ್ಯಾಹ್ನದವರೆಗೆ ಮಾತಾಡಿದೆವು. ಅವಳು ಅಲ್ ಹೈಲ್‌ನ ಒಂದು ಒಮಾನಿ ಮನೆಯಲ್ಲಿ ಎಂಟು ವರ್ಷ ಕೆಲಸಕ್ಕಿದ್ದಳು. ಆ ಮನೆಯ ಮರ್ಯಮ್ ಎಂಬ ಹುಡುಗಿಯನ್ನು ಹುಟ್ಟಿದ ದಿನದಿಂದ ಏಳು ವರ್ಷ ತುಂಬುವವರೆಗೂ ಸಾಕಿದವಳು ಇವಳೇ. ತನ್ನ ತಾಯಿಗೆ ಕಾಯಿಲೆಯೆಂದು ಎರಡು ತಿಂಗಳ ಮಟ್ಟಿಗೆ ಊರಿಗೆ ಬಂದಳು. ತಾಯಿ ಮಲಗಿದಲ್ಲೇ ಎರಡು ವರ್ಷ ಬದುಕಿದರು. ಅಷ್ಟರಲ್ಲಿ ವೀಸಾ ಖಲಾಸ್, ಒಂದು ಮಳೆಗಾಲದ ನೆರೆಯಲ್ಲಿ ಫೋನೂ ಖಲಾಸ್, ಅದರೊಳಗಿದ್ದ ನಂಬರೂ ಖಲಾಸ್.

“ಹೋಗುವಾಗ ಮರ್ಯಮ್ ನಿದ್ದೆಯಲ್ಲಿದ್ದಳು,” ಎಂದಳು. “ನಾನು ಎಬ್ಬಿಸಲಿಲ್ಲ. ಬೇಗ ಬರುತ್ತೇನಲ್ಲ ಅಂತ.”

ಆ ಮನೆಯ ಗುರುತು? ನೀಲಿ ಗೇಟು, ಒಳಗೊಂದು ನಿಂಬೆಮರ, ಎದುರಿಗೆ ಮಸೀದಿ, ಮೂಲೆಯಲ್ಲಿ ಲಾಂಡ್ರಿ. ಅಲ್ ಹೈಲ್‌ನಲ್ಲಿ ಹೆಜ್ಜೆಗೊಂದು ಮಸೀದಿ, ಮಸೀದಿಗೊಂದು ಲಾಂಡ್ರಿ ಎಂಬುದನ್ನು ನಾನು ಹೇಳಲಿಲ್ಲ. “ಹುಡುಕುತ್ತೇನೆ,” ಎಂದುಬಿಟ್ಟೆ. ಉಳಿದ ಮೂರು ದಿನ ಅವಳು ನನ್ನನ್ನು ಆ ಮೇಜಿಗೆ ಕೂರಿಸಲಿಲ್ಲ. ಅಡುಗೆಮನೆಯ ನೆಲದಲ್ಲಿ, ತನ್ನ ತಟ್ಟೆಯ ಪಕ್ಕದಲ್ಲಿ ನನ್ನ ತಟ್ಟೆಯಿಟ್ಟಳು.

ಮಸ್ಕತ್ತಿಗೆ ಮರಳಿದಾಗ ಆಗಸ್ಟ್. ಸಂಜೆಯಾದರೂ ಟಾರಿನಿಂದ ಕಾವೇಳುವ ಆ ದಿನಗಳಲ್ಲಿ, ಕಚೇರಿ ಮುಗಿಸಿ ಬೀದಿಬೀದಿ ಅಲೆದೆ. ಇಪ್ಪತ್ತೆರಡು ವರ್ಷ ವಾಸಿಸಿದ ಬಡಾವಣೆಯಲ್ಲಿ ನಾನು ನೋಡದ ಬೀದಿಗಳೇ ಹೆಚ್ಚೆಂದು ಆಗ ಗೊತ್ತಾಯಿತು. ನೀಲಿ ಗೇಟುಗಳು ಒಂಬತ್ತು ಸಿಕ್ಕವು. ಬೆಲ್ ಒತ್ತಿ, ಹರಕು ಅರಬ್ಬಿಯಲ್ಲಿ ಮರ್ಯಮ್ ಇದ್ದಾಳೆಯೇ ಎಂದು ಕೇಳುವ ನನ್ನನ್ನು ಜನ ಟ್ಯೂಷನ್ ಟೀಚರೆಂದೂ ಸೀರೆ ಮಾರುವವಳೆಂದೂ ತಿಳಿದರು. ಎರಡು ವಾರದ ಮೇಲೆ, ಕೈಬಿಡೋಣವೆಂದುಕೊಂಡೇ ಹೊಕ್ಕ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಮುದುಕ ಮಲಯಾಳಿ, ನೀಲಿ ಗೇಟು, ನಿಂಬೆಮರ ಎಂದು ನಾನು ಕೇಳಿದ್ದಕ್ಕೆ ತಲೆಯೆತ್ತಿ ಹಿಂದಿಯಲ್ಲಿ ಹೇಳಿದ:

“ಥಾಯ್ ಆಯಾ ಇದ್ದ ಮನೆ ತಾನೇ? ಗೇಟು ಈಗ ಬಿಳಿ, ಚೇಚಿ. ಆ ಮೂಲೆ.”

ಗೇಟು ತೆರೆದದ್ದು ಮರ್ಯಮಳ ತಾಯಿ. ನಾನು ನೋಯ್ ಎಂಬ ಹೆಸರೆತ್ತಿದೆನಷ್ಟೆ, ಒಳಗಿನಿಂದ ಹದಿನಾರರ ಹುಡುಗಿಯೊಬ್ಬಳು ಬರಿಗಾಲಲ್ಲಿ ಓಡಿಬಂದಳು. ಅಲ್ಲಿಂದಲೇ ಕರೆ ಹಚ್ಚಿದೆ. ಪರದೆಯ ಮೇಲೆ ನೋಯ್ ಮುಖ ಮೂಡಿತು. ಹುಡುಗಿ, ಬೆರಳು ಮಡಚುತ್ತಾ, ಮಗುವಿನ ಧಾಟಿಯಲ್ಲಿ ಥಾಯ್ ಎಣಿಕೆ ಶುರುಮಾಡಿದಳು: “ನುಂಗ್, ಸೋಂಗ್, ಸಾಮ್...” ಐದಕ್ಕೆ ಅವಳ ದನಿ ಒಡೆಯಿತು. ಆರರಿಂದ ಹತ್ತರವರೆಗೆ ನೋಯ್ ಎಣಿಸಿದಳು.

ಮರ್ಯಮ್ ನನ್ನ ಫೋನನ್ನು ಹಿಡಿದುಕೊಂಡೇ ಒಳಗೆ ಹೋದಳು. ನಾನೂ ಅವಳ ತಾಯಿಯೂ ಜಗಲಿಯಲ್ಲಿ ಅರಬ್ಬಿ ಕಾಫಿ ಕಹ್ವಾ ಕುಡಿಯುತ್ತಾ, ಖರ್ಜೂರದ ಬೀಜಗಳನ್ನು ಶಿಸ್ತಾಗಿ ತಟ್ಟೆಯ ಅಂಚಿಗೆ ಜೋಡಿಸುತ್ತಾ, ಒಳಗಿನ ನಗುವನ್ನು ಕೇಳುತ್ತಾ ಕೂತೆವು. ಮುಕ್ಕಾಲು ಗಂಟೆಯ ನಂತರ ಫೋನು ನನ್ನ ಕೈಗೆ ಮರಳಿತು. ಅವರಿಬ್ಬರೂ ನಂಬರು ಹಂಚಿಕೊಂಡಾಗಿತ್ತು. ಮಧ್ಯವರ್ತಿಯ ಕೆಲಸ ಚೆನ್ನಾಗಿ ಆಯಿತೆಂದರೆ ಮಧ್ಯವರ್ತಿ ಬೇಕಿಲ್ಲವೆಂದರ್ಥ. ನಡೆದುಕೊಂಡು ಮನೆಗೆ ಬಂದೆ. ಮರುದಿನ ಸಂಜೆ ಅಭ್ಯಾಸಬಲದಿಂದ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದವಳು, ಹುಡುಕಲು ಏನೂ ಉಳಿದಿಲ್ಲವೆಂಬುದು ನೆನಪಾಗಿ, ಮೆಟ್ಟಿದ ಚಪ್ಪಲಿಯಲ್ಲೇ ಸೋಫಾದಲ್ಲಿ ಕೂತೆ.

ಒಂದು ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಬೆಳಿಗ್ಗೆ ನೋಯ್ ಕರೆ ಬಂತು. ಮರ್ಯಮ್ ಸಿಗದೆ ನನಗೆ ಮಾಡಿದ್ದಾಳೆಂದುಕೊಂಡು, “ಮರ್ಯಮಳಿಗೆ ಇವತ್ತು ಸ್ಕೂಲಿಲ್ಲ, ಮನೆಯಲ್ಲೇ ಇರುತ್ತಾಳೆ. ಬೇಕಾದರೆ ನಾನು ಹೋಗಿ...” ಎಂದು ಶುರುಮಾಡಿದೆ. ಅವಳು ತಡೆದಳು.

“ಮರ್ಯಮ್ ಜೊತೆ ನಿನ್ನೆ ಮಾತಾಡಿದೆ. ಈಗ ನಿನಗೆ. ನೀನು ಹೇಗಿದ್ದೀ?”

ಕನ್ನಡ, ತುಳು, ಹಿಂದಿ, ಇಂಗ್ಲಿಷುಗಳಲ್ಲಿ ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರಗಳಿವೆ, ದಿನವೂ ಬಳಸುತ್ತೇನೆ. ಅವತ್ತು ಬಳಸಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಇಲ್ಲಿ ಬಹಳ ಸೆಕೆ ಎಂದೆ.

“ಹೇಳು,” ಎಂದಳು ನೋಯ್. “ನನಗೆ ಈಗ ಬೇರೆ ಕೆಲಸವಿಲ್ಲ.”