ಮಾನ್ವಿ ಬಸ್ಸಿನಿಂದ ಮನೆಗೆ ಬಂದ ಕ್ರಿಯಾಪದ

ಅಡ್ಜಸ್ಟ್ ಎಂಬ ಮಾತನ್ನು ಅಕ್ಕನ ಮಾವನ ಬಾಯಿಗೆ ಇಟ್ಟವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರನ್ನು ಬೈಯುವುದಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ರೇಡಿಯೋ ರಿಪೇರಿ ಕಲಿಯಲು ನಾನು ರಾಯಚೂರಿನಿಂದ ದಿನಾ ಮಾನ್ವಿಗೆ ಹೋಗುತ್ತಿದ್ದೆ. ಕಲಿತದ್ದು ಕಡಿಮೆ, ಅಂಗಡಿಗೆ ಬಂದವರ ದನಿ ಅಣಕಿಸಿದ್ದೇ ಹೆಚ್ಚು. ಅಂಗಡಿಯ ಚಾಚಾ ಸ್ಕ್ರೂಡ್ರೈವರ್ ಕೊಟ್ಟು, "ಜರಾ ಅಡ್ಜಸ್ಟ್ ಕರ್ ರೇ" ಅನ್ನುತ್ತಿದ್ದರು. ಅಲ್ಲಿ ಅಡ್ಜಸ್ಟ್ ಎಂದರೆ ಗೊರಗೊರ ನಿಂತು ಸ್ಟೇಷನ್ ಸ್ಪಷ್ಟ ಕೇಳುವ ತನಕ ಸ್ಕ್ರೂ ತಿರುಗಿಸುವುದು. ನೆಟ್ಟಗಿನ ಅರ್ಥ, ಯಾರಿಗೂ ನೋವಿಲ್ಲ.

ಬಸ್ಸಿನಲ್ಲಿ ಅರ್ಥವೇ ಬೇರೆ. "ಏ ಯವ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋರ್ರೀ! ಮಾನ್ವಿ ಏನ್ ದಿಲ್ಲಿಯಷ್ಟು ದೂರ ಅದ ಏನ್ರಿ?" ಎಂದು ಕಂಡಕ್ಟರ್ ಮೂಗಿನಲ್ಲಿ ಕೂಗುತ್ತಿದ್ದ. ಕೂಸು ಎತ್ತಿಕೊಂಡವಳಿಗೆ ಹೇಳುತ್ತಿದ್ದ, ಹತ್ತಿ ಬಿಡಿಸಲು ಹೊರಟವಳಿಗೆ ಹೇಳುತ್ತಿದ್ದ. ಮುಂದಿನ ಸೀಟಿನಲ್ಲಿ ಕಾಲು ಅಗಲಿಸಿ ಕೂತ ಇಸ್ತ್ರಿ ಧೋತರದವನಿಗೆ ಮಾತ್ರ ಒಂದು ದಿನವೂ ಹೇಳಲಿಲ್ಲ. ನೋಡಿ, ಈ ಕ್ರಿಯಾಪದಕ್ಕೆ ನಮ್ಮಲ್ಲಿ 'ನಾನು' ಎಂಬ ಕರ್ತೃವೇ ಇಲ್ಲ. ಮಾಡಬೇಕಾದವರು ಯಾವಾಗಲೂ ಎದುರಿಗಿನವರು.

ಅಕ್ಕ ಆಗ ರಾಯಚೂರಿನಲ್ಲಿ ಮಾಸ್ತರಿಕೆಯ ಟ್ರೈನಿಂಗ್ ಓದುತ್ತಿದ್ದಳು. ಪರೀಕ್ಷೆ ಮುಗಿಯುವ ತನಕ ತವರಿನಲ್ಲೇ ಇರಲಿ ಎಂದು ಒಪ್ಪಿಯೇ ದೇವದುರ್ಗದವರು ಸೊಸೆ ಮಾಡಿಕೊಂಡಿದ್ದರು. ಪರೀಕ್ಷೆಗೆ ಒಂದು ತಿಂಗಳಿರುವಾಗ ಅವಳ ಮಾವ ಬಂದು ಕೂತರು.

"ನಾಕು ಗಂಡಮಕ್ಕಳ ಮನಿರಿ ಬೀಗ್ರ. ರೊಟ್ಟಿ ಬಡಿಯಾಕ ಕೈ ಸಾಲವಲ್ವು. ಕರಕೊಂಡು ಹೋಗಾಕ ಬಂದೀನಿ."

ಅವರು ಕೊಟ್ಟ ಮಾತನ್ನು ನಮ್ಮಪ್ಪ ನೆನಪಿಸಲಿಲ್ಲ, ಚಹದ ಬಸಿಯನ್ನೇ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಮೂಗು ಹಿಡಿದು ಕಂಡಕ್ಟರನ ದನಿ ತೆಗೆದೆ: "ಸ್ವಲ್ಪ ಅಡ್ಜಸ್ಟ್ ಮಾಡ್ಕೋರ್ರೀ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕ ಮಾವ ಕಣ್ಣೊರೆಸಿಕೊಂಡು ಆ ಮಾತನ್ನೇ ಹಿಡಿದರು.

"ಹುಡುಗ ಖರೇ ಹೇಳಿದ ನೋಡ್ರಿ. ಹೆಣ್ಣಾದಾಕಿ ಅಡ್ಜಸ್ಟ್ ಮಾಡ್ಕೋಬೇಕು."

"ಹೌದವ್ವಾ," ಅಂದ ನಮ್ಮಪ್ಪ ಅಡುಗೆಮನೆಯತ್ತ ತಿರುಗಿ, "ಒಂದೀಟು ಅಡ್ಜಸ್ಟ್ ಮಾಡ್ಕೋ."

ಆ ಸಿಟ್ಟು ಈಗಲೂ ಇಳಿದಿಲ್ಲ. ಒಪ್ಪಂದ ಮುರಿಯುತ್ತಿದ್ದವರು ಅವರು, ಸಣ್ಣವಳಾಗಬೇಕಾದವಳು ಅಕ್ಕ! ಮುರಿದೆವು ಎಂದು ಕನ್ನಡದಲ್ಲಿ ಹೇಳಲು ನಾಚಿಕೆ, ಇಂಗ್ಲಿಷಿನಲ್ಲಿ ಅದು ಸಂಸ್ಕಾರವಾಗಿಬಿಟ್ಟಿತು. ಕಂಡಕ್ಟರ್ ಒತ್ತರಿಸಿ ಕೂರಿಸಿದರೂ ನಾವು ಹೇಳಿದ ಊರಿಗೆ ಒಯ್ಯುತ್ತಿದ್ದ. ಇವರು ನಡುದಾರಿಯಲ್ಲಿ ಇಳಿಸಲೆಂದೇ ಸರಿಯಲು ಹೇಳುತ್ತಿದ್ದರು.

"ನಾ ನಗಸಾಕಂತ ಚಾಷ್ಟಿಗಿ ಅಂದೆರಿ! ಮಾತು ಕೊಟ್ಟೋರು ನೀವು!" ಎಂದು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ನನ್ನ ಸ್ವಂತ ದನಿ ಆ ಮನೆಯಲ್ಲಿ ಯಾರಿಗೆ ಗುರುತಿತ್ತು?

ಅಡುಗೆಮನೆಯ ಬಾಗಿಲಿಗೆ ಅಕ್ಕ ಬಂದಳು. "ನೀ ಸುಮ್ನ ಕೂಡ್ರಲೇ, ಗಿಳಿ" ಎಂದು ಮೊದಲು ನನ್ನನ್ನು ಕೂರಿಸಿದಳು. ಆಮೇಲೆ ಮಾವನ ಕಡೆ ತಿರುಗಿದಳು. ಸಂಜೆಯ ದೇವದುರ್ಗದ ಬಸ್ಸಿಗೆ ಮಾವ ಒಬ್ಬರೇ ಹತ್ತಿದ್ದು ಅವಳ ಈ ಮಾತು ಕೇಳಿಯೇ:

"ಮಾವಾರ, ನಿಮ್ಮ ಮನ್ಯಾಗ ಇಲ್ಲೀತನ ಅಡ್ಜಸ್ಟ್ ಆದ ಗಂಡಸು ಯಾಂವ ಅದಾನ, ಒಬ್ಬನ ಹೆಸರು ಹೇಳ್ರಿ. ಈಗಿಂದೀಗ ಟ್ರಂಕ್ ಎತ್ತಕೊಂಡು ಬರ್ತೀನಿ."