ಮಿಕ್ಸಿ ಪ್ಲಗ್ಗಿನ ಫೋನು

ನಮ್ಮ ಮಾವನವರ ಫೋನು ಪೂರ್ತಿ ಸತ್ತಿರಲಿಲ್ಲ. ಚಾರ್ಜರ್ ಕಿತ್ತರೆ ಸಾಯುತ್ತಿತ್ತು, ಸಿಕ್ಕಿಸಿದರೆ ಎದ್ದು ಕೂರುತ್ತಿತ್ತು, ಅಷ್ಟೆ. ಗಾಜಿನ ಮೇಲೆ ಒಂದು ಗೆರೆಯೂ ಬೀಳದ ಫೋನನ್ನು ಎಸೆದು ಹೊಸದು ತರುವುದೆಂದರೆ ಅವರ ಪ್ರಕಾರ ದುರಹಂಕಾರ. ಕಡೂರು ಪೇಟೆಯ ಅವರ ಗೋಣಿಚೀಲದ ಅಂಗಡಿಯಲ್ಲಿ ಪ್ಲಗ್ಗಿಲ್ಲ. ಬೆಂಕಿಯ ಭಯ, ಗೋಣಿಯ ರಾಶಿಯ ಪಕ್ಕ ಒಂದು ಬಲ್ಬೇ ಹೆಚ್ಚಾಯಿತು ಎನ್ನುವವರು ಅವರು. ಹೀಗಾಗಿ ಫೋನು ಮನೆಯಲ್ಲೇ ಉಳಿಯಿತು, ಅದೂ ಅಡುಗೆಮನೆಯಲ್ಲಿ, ನನ್ನ ಮಿಕ್ಸಿಯ ಪ್ಲಗ್ಗಿನಲ್ಲಿ. ಮನೆಯ ಉಳಿದ ಪ್ಲಗ್ಗುಗಳೆಲ್ಲ ಸಡಿಲ, ಇದೊಂದೇ ಗಟ್ಟಿ.

ಸಾರಿಗೆ ಖಾರ ರುಬ್ಬಬೇಕೆಂದರೆ ಈಗ ಫೋನು ಸಾಯಬೇಕು. ಸರಿಯಾಗಿ ಅದೇ ಹೊತ್ತಿಗೆ ಅಜ್ಜಂಪುರದಿಂದ ಅತ್ತೆಯವರ ಅಕ್ಕ ಫೋನು ಮಾಡುತ್ತಿದ್ದರು. ಅತ್ತೆ ಗೋಡೆಗೊರಗಿ ಮಣೆಯ ಮೇಲೆ ಕೂತು, ಮೊರದಲ್ಲಿ ಅಕ್ಕಿ ಆರಿಸುತ್ತಾ ಮಾತು ಶುರುಮಾಡಿದರೆ ಮುಗಿಯುವ ಬಾಬತ್ತೇ ಅಲ್ಲ. ಯಾರ ಮನೆಯ ಎಮ್ಮೆ ಈಯಿತು, ಯಾರ ಸೊಸೆ ಮಾತು ಬಿಟ್ಟಳು, ಎಲ್ಲ ಬರಬೇಕು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಒಂದೆರಡು ಸಲ ಮಾತಿನ ಮಧ್ಯೆಯೇ ವೈರು ಕಿತ್ತು ಮಿಕ್ಸಿ ಸಿಕ್ಕಿಸಿದ್ದೂ ಉಂಟು. ಅತ್ತೆ ಖಾರ ನುಣ್ಣಗಾಗುವುದನ್ನೇ ಕಾಯುತ್ತಿದ್ದರು.

ಕಡೂರಿನಲ್ಲಿ ಕೇಳಿದ ಕಡೆಯೆಲ್ಲ ಒಂದೇ ಉತ್ತರ: ಇದು ಒಳಗೇ ಅಂಟಿಸಿದ ಬ್ಯಾಟರಿ, ಈ ಮಾಡೆಲ್ಲಿಗೆ ಈಗ ಬರುತ್ತಿಲ್ಲ. ಇಲ್ಲ ಎನ್ನಿಸಿಕೊಂಡರೆ ನನಗೆ ಹಟ ಹೆಚ್ಚು. ತವರಿಗೆಂದು ತರೀಕೆರೆಗೆ ಹೋದಾಗ ಅಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ರಿಪೇರಿಯವರ ಬೆನ್ನು ಬಿದ್ದೆ. ಅವರು ತರಿಸಿದ ಮೊದಲನೆಯದು ಅಗಲವಾಯಿತು, ಇನ್ನೊಂದರ ಕನೆಕ್ಟರ್ ಬೇರೆಯಾಯಿತು. ಕೊನೆಗೊಂದು ಕೂತಿತು. ಹಿಂದಿನ ಮುಚ್ಚಳಕ್ಕೆ ಬಿಸಿಗಾಳಿ ಹಿಡಿದು, ಸಂದಿಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ತುಂಡು ತೂರಿಸಿ, ಅಂಟಿಕೊಂಡಿದ್ದ ಹಳೆಯದನ್ನು ಮೆಲ್ಲಗೆ ಬಿಡಿಸಿದರು. ವೈರಿಲ್ಲದೆ ಪರದೆ ಬೆಳಗಿದಾಗ ನನಗೆ ಊರು ಗೆದ್ದಷ್ಟು ಹೆಮ್ಮೆ.

ಮಾವನವರು ಭೇಷ್ ಎಂದು ಫೋನನ್ನು ಅಂಗಿಯ ಜೇಬಿಗಿಳಿಸಿ ಅಂಗಡಿಗೆ ಹೊರಟರು. ನನ್ನ ಮಿಕ್ಸಿ ಧಾರಾಳವಾಗಿ ತಿರುಗಿತು. ಅಜ್ಜಂಪುರದ ಕರೆಯೂ ಅಂಗಡಿಗೆ ಹೋಯಿತು. ಮಧ್ಯಾಹ್ನ ಊಟಕ್ಕೆ ಬಂದವರನ್ನು ಅತ್ತೆ, ಅಕ್ಕ ಏನಂದಳು ಎಂದು ಕೇಳಿದರು. ಚೆನ್ನಾಗಿದಾರಂತೆ, ಎಂದರು ಮಾವ. ಮರುದಿನವೂ ಚೆನ್ನಾಗಿದಾರಂತೆ. ಬ್ಯಾಟರಿ ಕೆಡುವ ಮುಂಚೆ ವರ್ಷಗಟ್ಟಲೆ ಅಕ್ಕನ ಸುದ್ದಿಯೆಲ್ಲ ಅತ್ತೆಗೆ ತಲುಪುತ್ತಿದ್ದುದು ಆ ಒಂದೇ ಪದದಲ್ಲಿ ಎಂಬುದು ನನಗೆ ಆಗ ಹೊಳೆಯಿತು.

ನನ್ನ ಫೋನಿನಿಂದ ಅಜ್ಜಂಪುರಕ್ಕೆ ಮಾಡಿ ಅತ್ತೆಯ ಕೈಗೆ ಕೊಟ್ಟೆ. ಎರಡು ಮಾತಾಡಿ, ಸೆರಗಿನಲ್ಲಿ ಒರೆಸಿ ವಾಪಸು ಕೊಟ್ಟರು. ಇನ್ನೊಬ್ಬರ ಫೋನಿನಲ್ಲಿ ಮಾತೇ ಬರುವುದಿಲ್ಲವಂತೆ. ನಿಮಗೇ ಒಂದು ತರೋಣ ಎಂದರೆ, ನನಗೆ ಯಾರು ಮಾಡ್ತಾರೆ ಎಂದು ಕೈಯಾಡಿಸಿಬಿಟ್ಟರು. ಅಕ್ಕನಿಗೆ ಬಾಯಿಪಾಠ ಬರುವ ನಂಬರು ಮಾವನವರದೊಂದೇ. ಒಂದು ದಿನ ಮೊರ ಹಿಡಿದು ಕೂತವರು ಖಾಲಿ ಪ್ಲಗ್ಗಿನ ಕಡೆ ನೋಡಿ, "ಆ ಬ್ಯಾಟ್ರಿ ಸಿಗ್ದೇ ಇದ್ದಿದ್ರೆ ಚೆನ್ನಾಗಿರ್ತಿತ್ತು ಕಣೇ" ಎಂದರು. ನನ್ನ ಮೇಲೆ ಕೋಪವೇನೂ ಇರಲಿಲ್ಲ. ನನಗೆ ಮಾತ್ರ ಅಳು ಬಂದಂತಾಯಿತು.

ಅಜ್ಜಂಪುರದವರು ಸುಮ್ಮನಿರುವ ಪೈಕಿ ಅಲ್ಲ. ದಿನಾ ಅಂಗಡಿಗೇ ಫೋನು ಮಾಡಿ, ಸಂಡಿಗೆ ಹಿಟ್ಟಿಗೆ ಜೀರಿಗೆ ಹಾಕಿದಳಾ, ಮಂಡಿನೋವು ಈಗ ಯಾವ ಕಾಲಿಗೆ ಎಂದು ಮಾವನವರನ್ನೇ ಕೇಳತೊಡಗಿದರು. ಚೀಲ ಎಣಿಸುವ ಹೊತ್ತಿನಲ್ಲಿ ಜೀರಿಗೆಯ ಮಾತು! ಎಣಿಕೆ ತಪ್ಪುತ್ತದೆ ಎಂದು ಮಾವ ಗೊಣಗಿಕೊಂಡೇ ಊಟಕ್ಕೆ ಬಂದರು. ಮಂಡಿನೋವು ಯಾವ ಕಾಲಿಗೆಂದು ಅವರಿಗೇ ಗೊತ್ತಿರಲಿಲ್ಲ. ಅನ್ನ ಕಲೆಸುತ್ತಾ ಅತ್ತೆಯ ನಡಿಗೆಯನ್ನೇ ನೋಡಿದರು.

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಟವರ ಜೇಬು ಖಾಲಿಯಿತ್ತು. ಫೋನು ಮಿಕ್ಸಿ ಪ್ಲಗ್ಗಿನಲ್ಲಿತ್ತು. ಮರೆತಿರೇನೋ ಎಂದು ನಾನು ಕಿತ್ತುಕೊಂಡು ಓಡಿದೆ.

"ಅಲ್ಲೇ ಇರ್ಲಿ ಬಿಡಮ್ಮ," ಎಂದರು. "ಅದು ಅಲ್ಲಿದ್ರೇನೇ ಸರಿಯಾಗಿ ಕೆಲ್ಸ ಮಾಡೋದು."

ಚೀಲ ಬೇಕಾದವರು ಅಂಗಡಿಗೇ ಬರುತ್ತಾರೆ. ಅವಸರವಿದ್ದರೆ ಪಕ್ಕದ ಗೊಬ್ಬರದಂಗಡಿಯವರ ಫೋನಿದೆ. ಈಗ ಬ್ಯಾಟರಿ ಎರಡು ದಿನ ಬಾಳುತ್ತದೆ, ಆದರೂ ಅತ್ತೆ ವೈರು ಸಿಕ್ಕಿಸದೆ ಮಾತಿಗೆ ಕೂರುವುದಿಲ್ಲ. ಖಾರ ರುಬ್ಬುವ ಹೊತ್ತಾದರೆ ನಾನು ವೈರು ಕಿತ್ತು ಮಿಕ್ಸಿ ಹಾಕುತ್ತೇನೆ. ಮೊದಮೊದಲು ಅವರು ಬೆಚ್ಚಿ ಫೋನಿನ ಮುಖ ನೋಡುತ್ತಿದ್ದರು. ಈಗ ಮಿಕ್ಸಿಯ ಸದ್ದು ನಿಲ್ಲುವವರೆಗೆ ಫೋನನ್ನು ಕಿವಿಗಿಟ್ಟುಕೊಂಡೇ ಕೂರುತ್ತಾರೆ.

"ಹೋಗ್ಲಿಲ್ಲ ಅಕ್ಕ, ಇಲ್ಲೇ ಇದೀನಿ," ಎನ್ನುತ್ತಾರೆ. "ನಿಧಾನಕ್ಕೆ ಹೇಳು."